ಮರ್ಟಲ್ ಬೀದಿಯ ವಿಮಾನವೀಕ್ಷಕರು

ಲಂಡನ್ ನಗರಕ್ಕೆ ಹೋದವರು ಥೇಮ್ಸ್ ನದಿಯ ಸೇತುವೆಗಳನ್ನೂ, ಅರಮನೆಯನ್ನೂ, ವಸ್ತುಸಂಗ್ರಹಾಲಯಗಳನ್ನೂ ನೋಡಿಕೊಂಡು ಬರುವುದು ವಾಡಿಕೆ. ಆ ಮಹಾನಗರದ ಪಶ್ಚಿಮದ ಅಂಚಿನಲ್ಲಿ, ಹೀಥ್ರೋ ವಿಮಾನನಿಲ್ದಾಣದ ಬೇಲಿಗೆ ಸಮೀಪವಾಗಿ, ಮರ್ಟಲ್ ಅವೆನ್ಯೂ ಎಂಬ ಕಿರುಬೀದಿಯೊಂದಿದೆ. ಅಲ್ಲಿ ಗೋಪುರವಿಲ್ಲ, ಶಿಲಾಪ್ರತಿಮೆಯಿಲ್ಲ. ಎರಡು ಕಡೆಯಲ್ಲಿ ಸಾಧಾರಣ ಗೃಹಸ್ಥರ ಮನೆಗಳು; ಬೀದಿಯು ಮುಗಿಯುವಲ್ಲಿ ಒಂದು ಹುಲ್ಲಿನ ಬಯಲು. ಆದರೂ ದೂರದೇಶಗಳಿಂದ ಜನರು ಇದನ್ನೇ ಹುಡುಕಿಕೊಂಡು ಬರುವರು. ವಿಮಾನವೀಕ್ಷಣೆಯನ್ನು ಹವ್ಯಾಸವಾಗಿ ಇಟ್ಟುಕೊಂಡವರಿಗೆ ಇದು ಒಂದು ಬಗೆಯ ಯಾತ್ರಾಸ್ಥಳ.

ಪಿಕಡಿಲಿ ಮಾರ್ಗದ ಭೂಗತ ರೈಲಿನಲ್ಲಿ ಹ್ಯಾಟನ್ ಕ್ರಾಸ್ ಎಂಬಲ್ಲಿ ಇಳಿದರೆ, ಅಲ್ಲಿಂದ ಕಾಲ್ನಡಿಗೆಯಲ್ಲಿಯೇ ಈ ಬೀದಿಯನ್ನು ಸೇರಬಹುದು. ಪ್ರವೇಶಕ್ಕೆ ಹಣವನ್ನು ಕೇಳುವವರಿಲ್ಲ. ಹುಲ್ಲಿನ ಮೇಲೆ ಮಡಿಸುವ ಕುರ್ಚಿಗಳನ್ನು ಹಾಕಿಕೊಂಡ ವೃದ್ಧರು, ಉದ್ದನೆಯ ಮಸೂರದ ಕ್ಯಾಮೆರಾ ಹಿಡಿದ ತರುಣರು, ತಂದೆಯ ಹೆಗಲೇರಿದ ಮಕ್ಕಳು, ಎಲ್ಲರೂ ಪೂರ್ವದಿಕ್ಕಿನ ಕಡೆಗೆ ಮುಖಮಾಡಿ ಕಾಯುತ್ತಿರುವರು. ದಿಗಂತದಲ್ಲಿ ಮೊದಲು ಒಂದು ದೀಪದ ಚುಕ್ಕೆ ಕಾಣುವುದು. ಅದರ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು, ದಾರದಲ್ಲಿ ಪೋಣಿಸಿದಂತೆ. ನೋಡುತ್ತಿರುವಂತೆಯೇ ಚುಕ್ಕೆಗೆ ರೆಕ್ಕೆ ಮೂಡಿ, ಚಕ್ರಗಳನ್ನು ಚಾಚಿಕೊಂಡ ಲೋಹದ ದೇಹವು ಮನೆಗಳ ಹೆಂಚನ್ನು ಸವರುವಷ್ಟು ಕೆಳಗೆ ಬಂದು, ನೆಲವನ್ನು ನಡುಗಿಸಿ ದಾಟಿಹೋಗುವುದು. ಅದು ಹೋದ ಮೇಲೆ ಗಾಳಿಯಲ್ಲಿ ಚಾಟಿಯನ್ನು ಬೀಸಿದಂತಹ ಸುಯ್ಯೆಂಬ ಸದ್ದು ಕೇಳುವುದುಂಟು. ರೆಕ್ಕೆಯ ತುದಿಗಳಿಂದ ಹುಟ್ಟಿದ ಸುಳಿಗಾಳಿಯ ಸದ್ದು ಅದು. ಈ ಸುಳಿಯು ಕೆಲವೊಮ್ಮೆ ಸುತ್ತಲಿನ ಮನೆಗಳ ಹೆಂಚುಗಳನ್ನೇ ಕಿತ್ತುಹಾಕುವುದರಿಂದ, ಅವುಗಳನ್ನು ಸರಿಪಡಿಸಿಕೊಡುವ ವ್ಯವಸ್ಥೆಯನ್ನು ನಿಲ್ದಾಣದವರೇ ಇಟ್ಟುಕೊಂಡಿದ್ದಾರೆ.

ಆದರೆ ಯಾವ ವೇಳೆಗೆ ಹೋದರೂ ಈ ನೋಟವು ದೊರೆಯುವುದಿಲ್ಲ. ಹೀಥ್ರೋವಿನಲ್ಲಿ ಪೂರ್ವಪಶ್ಚಿಮವಾಗಿ ಸಮಾನಾಂತರದಲ್ಲಿರುವ ಎರಡು ಓಡುದಾರಿಗಳಿವೆ; ಉತ್ತರದ್ದು 3,902 ಮೀಟರ್ ಉದ್ದ, ದಕ್ಷಿಣದ್ದು ಅದಕ್ಕಿಂತ ಸ್ವಲ್ಪ ಕಡಮೆ. ವಿಮಾನವು ಗಾಳಿಗೆ ಎದುರಾಗಿಯೇ ಇಳಿಯಬೇಕಾದುದರಿಂದಲೂ, ಆ ಸೀಮೆಯಲ್ಲಿ ಪಶ್ಚಿಮದ ಗಾಳಿಯೇ ಹೆಚ್ಚಾದುದರಿಂದಲೂ, ಬಹುತೇಕ ದಿನಗಳಲ್ಲಿ ವಿಮಾನಗಳು ಪೂರ್ವದಿಂದ, ಲಂಡನ್ ನಗರದ ಮೇಲಿಂದಲೇ ಇಳಿದುಬರುವುವು. ಅಂತಹ ದಿನಗಳಲ್ಲಿ ಒಂದು ದಾರಿಯು ಇಳಿಯುವುದಕ್ಕೆ, ಇನ್ನೊಂದು ಏರುವುದಕ್ಕೆ. ಮಧ್ಯಾಹ್ನ 3 ಗಂಟೆಗೆ ಅವು ಪರಸ್ಪರ ಕೆಲಸವನ್ನು ಬದಲಾಯಿಸಿಕೊಳ್ಳುವುವು. ಕೆಳಗೆ ವಾಸಿಸುವ ಜನರಿಗೆ ದಿನದ ಅರ್ಧಭಾಗವಾದರೂ ಶಾಂತಿಯಿರಲೆಂಬುದು ಇದರ ಉದ್ದೇಶ. ಮರ್ಟಲ್ ಬೀದಿಯು ದಕ್ಷಿಣದ ದಾರಿಯ ಬಾಯಲ್ಲಿರುವುದರಿಂದ, ಗಾಳಿಯ ದಿಕ್ಕನ್ನೂ ಗಡಿಯಾರವನ್ನೂ ತಿಳಿಯದೆ ಹೋದವನು ಬರಿಯ ಆಕಾಶವನ್ನು ನೋಡಿ ಹಿಂದಿರುಗಬೇಕಾದೀತು.

ಇವರು ನೋಡುವುದಾದರೂ ಏನನ್ನು? ಹೊಸಬನ ಕಣ್ಣಿಗೆ ಎಲ್ಲ ವಿಮಾನಗಳೂ ಒಂದೇ. ವೀಕ್ಷಕನಿಗಾದರೋ ಮನೆಯ ಹಸುಗಳನ್ನು ಗುರುತಿಸುವ ರೈತನಂತೆ ಪ್ರತಿಯೊಂದೂ ಬೇರೆಬೇರೆ. ವಿಮಾನದ ಹಿಂಭಾಗದಲ್ಲಿ ನೋಂದಣಿಯ ಅಕ್ಷರಗಳು ಬರೆದಿರುವುವು. ಮೊದಲಿನ ಅಕ್ಷರಗಳು ದೇಶವನ್ನು ಹೇಳುವುವು: ಬ್ರಿಟನ್ನಿಗೆ ಜಿ, ಪಾಕಿಸ್ತಾನಕ್ಕೆ ಎ.ಪಿ., ನಮ್ಮ ಭಾರತಕ್ಕೆ ಬ್ರಿಟಿಷರ ಆಳ್ವಿಕೆಯ ಕಾಲದಿಂದ ಬಂದ ವಿ.ಟಿ. ಅನಂತರದ ಅಕ್ಷರಗಳು ಆ ಒಂದು ವಿಮಾನದವೇ. ವೀಕ್ಷಕನು ದುರ್ಬೀನಿನಿಂದ ಅವನ್ನು ಓದಿ, ದಿನಾಂಕವನ್ನೂ ಸ್ಥಳವನ್ನೂ ಸೇರಿಸಿ ತನ್ನ ಪುಸ್ತಕದಲ್ಲಿ ಬರೆದುಕೊಳ್ಳುವನು. ಬೆಂಗಳೂರಿನ ಕೆಂಪೇಗೌಡ ನಿಲ್ದಾಣದಿಂದ ನೇರವಾಗಿ ಹೊರಟು ಬಂದ ವಿಮಾನವೂ ಹೀಗೆ ಒಬ್ಬ ಅಪರಿಚಿತನ ಲೆಕ್ಕಕ್ಕೆ ಸೇರುವುದು.

ಛಾಯಾಗ್ರಾಹಕನದು ಇನ್ನೂ ಸೂಕ್ಷ್ಮವಾದ ಕೆಲಸ. ಸೂರ್ಯನು ಬೆನ್ನಿನ ಹಿಂದಿರಬೇಕು. ಜೆಟ್ ವಿಮಾನವನ್ನು ಸೆಕೆಂಡಿನ ಸಾವಿರದಲ್ಲೊಂದು ಭಾಗದಲ್ಲಿ ಹಿಡಿದರೆ ಒಂದೊಂದು ಮೊಳೆಯೂ ಸ್ಪಷ್ಟವಾಗಿ ಮೂಡುವುದು. ಪಂಖದ ವಿಮಾನವನ್ನು ಹಾಗೆ ಹಿಡಿದರೆ, ಪಂಖವು ನಿಂತುಬಿಟ್ಟಂತೆ ಕಂಡು, ಹಾರುವ ಯಂತ್ರವು ಆಕಾಶದಲ್ಲಿ ತೂಗುಹಾಕಿದ ಆಟಿಕೆಯಾಗುವುದು. ಆದುದರಿಂದ ಅಲ್ಲಿ ವೇಗವನ್ನು ತಗ್ಗಿಸಿ, ವಿಮಾನದೊಡನೆ ಕ್ಯಾಮೆರಾವನ್ನೂ ಸಮನಾಗಿ ತಿರುಗಿಸುತ್ತ ಚಿತ್ರವನ್ನು ತೆಗೆಯಬೇಕು. ಬೇಸಗೆಯ ಮಧ್ಯಾಹ್ನ ನೆಲದಿಂದೇಳುವ ಬಿಸಿಗಾಳಿಯು ಚಿತ್ರವನ್ನು ಕದಡುವುದರಿಂದ, ಅನುಭವಿಗಳು ಬೆಳಗಿನ ತಂಪುಹೊತ್ತನ್ನು ಆರಿಸಿಕೊಳ್ಳುವರು.

ಇದೆಲ್ಲವೂ ಕೆಲಸವಿಲ್ಲದವರ ಕೆಲಸವೆಂದು ನಗುವವರುಂಟು. ಇತಿಹಾಸವು ಬೇರೆಯೇ ಸಾಕ್ಷಿಯನ್ನು ಹೇಳುವುದು. ಬ್ರಿಟನ್ನಿನಲ್ಲಿ 1925ರಲ್ಲಿ ಅಬ್ಸರ್ವರ್ ಕೋರ್ ಎಂಬ ವೀಕ್ಷಕರ ದಳವು ಹುಟ್ಟಿತು. 1940ರಲ್ಲಿ ಜರ್ಮನರ ವಿಮಾನಗಳು ಆ ದ್ವೀಪದ ಮೇಲೆ ಎರಗಿದಾಗ, ಕರಾವಳಿಯ ರೇಡಾರ್ ಯಂತ್ರಗಳು ಸಮುದ್ರದ ಕಡೆಗೆ ಮಾತ್ರ ನೋಡಬಲ್ಲವಾಗಿದ್ದುವು. ಶತ್ರುವು ನೆಲದ ಮೇಲೆ ಬಂದನಂತರ ಅವನನ್ನು ಹಿಂಬಾಲಿಸಿದುದು ಈ ಸಾಮಾನ್ಯ ನಾಗರಿಕರ ಕಣ್ಣು ಕಿವಿಗಳು. 1941ರಲ್ಲಿ ದೊರೆಯು ಆ ದಳಕ್ಕೆ ರಾಯಲ್ ಎಂಬ ಬಿರುದನ್ನಿತ್ತನು. ಅದೇ ವರ್ಷ ‘ದಿ ಏರೋಪ್ಲೇನ್ ಸ್ಪಾಟರ್’ ಎಂಬ ಪತ್ರಿಕೆಯೂ ಹೊರಟಿತು. ಯುದ್ಧವು ಮುಗಿದ ಮೇಲೆ ಆ ಅಭ್ಯಾಸವು ವಿನೋದವಾಗಿ ಉಳಿಯಿತು.

ವಿನೋದವು ಮತ್ತೊಮ್ಮೆ ಸಾಕ್ಷಿಯಾದುದು 2004ರಲ್ಲಿ. ಆ ವರ್ಷದ ಜನವರಿ 23ರಂದು ಸ್ಪೇನ್ ದೇಶದ ಪಾಲ್ಮಾ ನಿಲ್ದಾಣದಲ್ಲಿ ಎನ್ 313 ಪಿ ಎಂಬ ಗುರುತಿನ ಬೋಯಿಂಗ್ ವಿಮಾನವೊಂದರ ಚಿತ್ರವನ್ನು ಹವ್ಯಾಸಿಯೊಬ್ಬನು ತೆಗೆದನು. ಅದು ಅಮೆರಿಕದ ಗುಪ್ತಚರ ಸಂಸ್ಥೆಯು ಬಳಸುತ್ತಿದ್ದ ವಿಮಾನವೆಂದು ಆಮೇಲೆ ತಿಳಿದುಬಂದಿತು. ಅಂದೇ ಅದು ಮ್ಯಾಸಿಡೋನಿಯಕ್ಕೆ ಹೋಗಿ, ಹೆಸರಿನ ಗೊಂದಲದಿಂದ ಸೆರೆಸಿಕ್ಕಿದ್ದ ಎಲ್-ಮಸ್ರಿ ಎಂಬ ಜರ್ಮನ್ ನಾಗರಿಕನನ್ನು ಅಫಘಾನಿಸ್ತಾನದ ಬಂದೀಖಾನೆಗೆ ಒಯ್ದಿತ್ತು. ಆತನ ಕಥೆಯನ್ನು ನಂಬುವವರು ಮೊದಲು ವಿರಳವಾಗಿದ್ದರು. ಇಂತಹ ಚಿತ್ರಗಳೂ ಹಾರಾಟದ ದಾಖಲೆಗಳೂ ಒಂದಕ್ಕೊಂದು ಕೂಡಿಬಂದು, ಕಡೆಗೆ 2012ರ ಡಿಸೆಂಬರಿನಲ್ಲಿ ಯೂರೋಪಿನ ಮಾನವಹಕ್ಕುಗಳ ನ್ಯಾಯಾಲಯವು ಆತನಿಗೆ ಅನ್ಯಾಯವಾಗಿದೆಯೆಂದು ತೀರ್ಪಿತ್ತಿತು.

ಆದರೆ ನೋಡುವ ಕಣ್ಣಿನ ಮೇಲೆ ಸಂಶಯ ಹುಟ್ಟುವುದೂ ಸಹಜವೇ. 2001ರ ನವೆಂಬರಿನಲ್ಲಿ ಗ್ರೀಸ್ ದೇಶದ ಕಲಮಾಟಾ ವಾಯುನೆಲೆಯಲ್ಲಿ 12 ಮಂದಿ ಬ್ರಿಟಿಷರನ್ನೂ ಇಬ್ಬರು ಡಚ್ಚರನ್ನೂ ಗೂಢಚಾರರೆಂಬ ಆರೋಪದ ಮೇಲೆ ಹಿಡಿದರು. ವಿಮಾನಗಳ ಅಂಕಿಗಳನ್ನು ಸುಖಕ್ಕಾಗಿ ಬರೆದುಕೊಳ್ಳುವ ಮನುಷ್ಯರಿರಬಹುದೆಂಬುದು ಅಲ್ಲಿನ ಅಧಿಕಾರಿಗಳ ಊಹೆಗೇ ನಿಲುಕಲಿಲ್ಲ. 2002ರ ಏಪ್ರಿಲಿನಲ್ಲಿ ಶಿಕ್ಷೆಯಾಯಿತು. ಅದೇ ನವೆಂಬರಿನಲ್ಲಿ ಮೇಲಿನ ನ್ಯಾಯಾಲಯವು ಅವರನ್ನು ಬಿಡುಗಡೆ ಮಾಡಿತು. ನಮ್ಮಲ್ಲಿಯೂ ಈ ಹವ್ಯಾಸವುಳ್ಳವರು ಇದನ್ನು ನೆನಪಿನಲ್ಲಿಡಬೇಕು. ಯಲಹಂಕದಂತಹ ನೆಲೆಗಳು ವಾಯುಪಡೆಗೆ ಸೇರಿದುವು. ಅಪ್ಪಣೆಯಿಲ್ಲದೆ ಅಲ್ಲಿ ಕ್ಯಾಮೆರಾ ಎತ್ತಬಾರದು. 1996ರಿಂದ ಅಲ್ಲಿ ನಡೆದುಬಂದಿರುವ ಏರೋ ಇಂಡಿಯಾ ಪ್ರದರ್ಶನದ ಸಾರ್ವಜನಿಕ ದಿನಗಳು ಆಸಕ್ತರಿಗೆ ಹಬ್ಬವೇ ಸರಿ. ಬೆಂಗಳೂರಿನ ಹಳೆಯ ವಿಮಾನನಿಲ್ದಾಣ ರಸ್ತೆಯ ಎಚ್.ಎ.ಎಲ್. ವಸ್ತುಸಂಗ್ರಹಾಲಯದಲ್ಲಿ, 1961ರ ಜೂನ್ 17ರಂದು ಇದೇ ಊರಿನಲ್ಲಿ ಮೊದಲು ಹಾರಿದ ಮಾರುತ್ ಜಾತಿಯ ವಿಮಾನವನ್ನು ಮಕ್ಕಳಿಗೆ ಸಮೀಪದಿಂದಲೇ ತೋರಿಸಬಹುದು.

ಬೇಲಿಯ ಹೊರಗೆ ನಿಂತವರು ಪ್ರೀತಿಸಿದ ವಿಮಾನಗಳಿಗೂ ಆಯುಸ್ಸು ತೀರುವುದು. 2003ರ ಅಕ್ಟೋಬರ್ 24ರಂದು ಮೂರು ಕಾಂಕಾರ್ಡ್ ವಿಮಾನಗಳು ಒಂದರ ಹಿಂದೊಂದು ಹೀಥ್ರೋವಿನಲ್ಲಿ ಕಡೆಯ ಬಾರಿ ಪ್ರಯಾಣಿಕರನ್ನು ಇಳಿಸಿದಾಗ ಜನರು ಬೇಲಿಯ ಸುತ್ತ ಕಿಕ್ಕಿರಿದಿದ್ದರು. ಅವುಗಳಿಗಾದರೂ ಬೀಳ್ಕೊಡುಗೆಯ ಭಾಗ್ಯವಿತ್ತು. 1948ರ ಜೂನ್ 8ರಂದು ಮುಂಬಯಿಯಿಂದ ಹೊರಟು, ಕೈರೋ ಜಿನೀವಾಗಳ ಮಾರ್ಗವಾಗಿ ಲಂಡನ್ನನ್ನು ಮುಟ್ಟಿದ ‘ಮಲಬಾರ್ ಪ್ರಿನ್ಸೆಸ್’ ನಮ್ಮ ದೇಶದಿಂದ ಅಲ್ಲಿಗೆ ಏರ್ ಇಂಡಿಯಾದ ಮೊದಲ ಸಂಚಾರವನ್ನು ಮಾಡಿತು. ಅದರ ಗುರುತು ವಿ.ಟಿ. - ಸಿ.ಕ್ಯು.ಪಿ. ಅದೇ ವಿಮಾನವು 1950ರ ನವೆಂಬರ್ 3ರಂದು ಲಂಡನ್ನಿಗೆ ಬರುತ್ತ ಮೌಂಟ್ ಬ್ಲಾಂಕ್ ಪರ್ವತಕ್ಕೆ ಬಡಿದು, 48 ಮಂದಿ ಅಳಿದರು. ಮುಕ್ಕಾಲು ಶತಮಾನದ ಮೇಲೆ, 2025ರ ಜೂನ್ 12ರಂದು, ಅಹಮದಾಬಾದಿನಿಂದ ಲಂಡನ್ನಿನ ಗ್ಯಾಟ್‌ವಿಕ್ ನಿಲ್ದಾಣಕ್ಕೆ ಹೊರಟ ವಿ.ಟಿ. - ಎ.ಎನ್.ಬಿ. ಏರಿದ ಸ್ವಲ್ಪ ಹೊತ್ತಿನಲ್ಲಿಯೇ ಬಿದ್ದು, ಒಳಗಿದ್ದ 242 ಮಂದಿಯಲ್ಲಿ ಒಬ್ಬರು ಮಾತ್ರ ಬದುಕಿದರು. ನೆಲದ ಮೇಲಿದ್ದವರೂ 19 ಮಂದಿ ತೀರಿಕೊಂಡರು.

ಆ ಅಕ್ಷರಗಳನ್ನು ಹೊತ್ತ ವಿಮಾನವು ಬಿಸಿಲಿನಲ್ಲಿ ಬೆಳಗುತ್ತ, ಚಕ್ರ ಚಾಚಿ, ಕ್ಷೇಮವಾಗಿ ಇಳಿಯುತ್ತಿರುವ ಚಿತ್ರಗಳು ಎಷ್ಟೋ ಊರುಗಳ ಹವ್ಯಾಸಿಗಳ ಸಂಗ್ರಹದಲ್ಲಿ ಇಂದಿಗೂ ಇವೆ. ಅವನ್ನು ತೆಗೆದವರಿಗೆ ಆ ದಿನ ಅದೊಂದು ಸಾಮಾನ್ಯ ವಿಮಾನ. ಆದರೂ ಅವರು ಅದನ್ನು ಗಮನವಿಟ್ಟು ನೋಡಿ, ಹೆಸರು ಹಿಡಿದು ಬರೆದುಕೊಂಡಿದ್ದರು. ಮರ್ಟಲ್ ಬೀದಿಯಲ್ಲಿ ಈಗಲೂ ವಿ.ಟಿ. ಎಂಬ ಅಕ್ಷರಗಳು ತಲೆಯ ಮೇಲೆ ಹಾದುಹೋದರೆ, ಹುಲ್ಲಿನ ಮೇಲೆ ಕುಳಿತ ಯಾವನೋ ಒಬ್ಬನು ದುರ್ಬೀನನ್ನು ಕೆಳಗಿಟ್ಟು, ಅದು ಕ್ಷೇಮವಾಗಿ ಬಂದು ಸೇರಿತೆಂದು ತನ್ನ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುವನು.