ಒಲಿ ಅವ್ವಂದು, ಮಾಳಿಗಿ ಅಪ್ಪಂದು, ಪೈಪ್ ಯಾರದು?

ಕಟ್ಟಿಗೆ ಒಲೆಯ ಹೊಗೆ ಪೈಪನ್ನ ಎಷ್ಟು ದಿನಕ್ಕೊಮ್ಮೆ ಸ್ವಚ್ಛ ಮಾಡಬೇಕು? ಈ ಪ್ರಶ್ನೆ ನಮ್ಮ ಸಿಲಬಸ್‌ನಲ್ಲಿಲ್ಲ, ಹಳೇ ಕ್ವೆಶ್ಚನ್ ಪೇಪರ್‌ನಲ್ಲೂ ಇಲ್ಲ. ಆದರೂ ಈ ಸೆಮಿಸ್ಟರ್ ಪೂರ್ತಿ ನಾವು ಐದು ಜನ ಇದರ ಹಿಂದೆ ಬಿದ್ದಿದ್ದೀವಿ. ನಾವು ಅಂದ್ರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಹೀಗೆ ತಾಲೂಕಿಗೊಬ್ಬರಂತೆ ಬಂದು ಒಂದೇ ಹಾಸ್ಟೆಲ್ ಸೇರಿದವರು. ಐವರೂ ಇಂಗ್ಲಿಷ್ ಮೀಡಿಯಂ. ಬರೆಯೋ ಕೈ ಒಂದಾದರೂ ಮಾತು ಐವರದ್ದೂ.

ಪ್ರಶ್ನೆ ಹುಟ್ಟಿದ್ದು ನಿಪ್ಪಾಣಿಯ ಗೆಳೆಯನ ಆಯಿಯಿಂದ. ದಮ್ಮು ಹೆಚ್ಚಾಗಿ ಆಸ್ಪತ್ರೆಗೆ ಹೋದಾಗ ಡಾಕ್ಟರು ಕೇಳಿದ್ರಂತೆ, "ಅಜ್ಜಿ, ಬೀಡಿ ಸೇದ್ತೀರೇನ್ರಿ?" ಆಯಿ ಹೇಳಿದ್ದು, "ಬೀಡಿ ಕಟ್ಟೀನ್ರಿ, ಸೇದಿಲ್ಲ." ತಂಬಾಕಿನ ಊರಲ್ಲಿ ಈ ಉತ್ತರ ಹೊಸದಲ್ಲ. ಡಾಕ್ಟರ ಮುಂದಿನ ಪ್ರಶ್ನೆ ಒಲೆಯ ಬಗ್ಗೆ. ಕಟ್ಟಿಗೆ ಒಲೆ ಅಂದ ಕೂಡಲೇ, ಹೊಗೆ ಮನೆಯೊಳಗೆ ನಿಲ್ಲಬಾರದು ಅಂದ್ರು. ಮನೆಯವರೆಲ್ಲ ಒಂದೇ ಮಾತು: "ಪೈಪ್ ಐತಲ್ಲರೀ!" ಪೈಪ್ ಇತ್ತು ನಿಜ. ಆದರೆ ಒಳಗೆ ಮಸಿ ಕಟ್ಟಿ ಕೈಮುಷ್ಟಿ ಹೋಗದಷ್ಟು ಕಿರಿದಾಗಿತ್ತು.

ಗ್ಯಾಸ್ ಇಲ್ವಾ ಅಂತ ಕೇಳಬೇಡಿ. ನಮ್ಮ ಐದೂ ಮನೇಲಿ ಸಿಲಿಂಡರ್ ಇದೆ. ಚಹಾ, ಪಲ್ಯ ಅದರ ಮೇಲೆ. ರೊಟ್ಟಿ ಮಾತ್ರ ಒಲೆ ಮೇಲೇ ಆಗಬೇಕು, ಸ್ನಾನದ ನೀರು ಬಂಬದಲ್ಲೇ ಕಾಯಬೇಕು. ಬೆಂಗಳೂರು, ಮೈಸೂರು ಕಡೆಯವರಿಗೆ ಹೇಳೋದಾದ್ರೆ, ಬಂಬ ಅಂದ್ರೆ ತಾಮ್ರದ ನೀರೊಲೆ: ಕೆಳಗೆ ಬೆಂಕಿ, ನಡುವೆ ಹೊಗೆ ಹೋಗೋ ಕೊಳವೆ, ಸುತ್ತ ನೀರು. ಹೀಟ್ ಎಕ್ಸ್‌ಚೇಂಜರ್ ಪಾಠ ಓದುವಾಗ ನಮಗೆ ಮೊದಲು ನೆನಪಾಗಿದ್ದೇ ಅದು. ಉರುವಲಿಗೆ ದುಡ್ಡು ಬೇಕಿಲ್ಲ. ಹತ್ತಿ ಕಟ್ಟಿಗೆ, ತಂಬಾಕಿನ ಕಡ್ಡಿ, ಕಬ್ಬಿನ ರವದಿ, ಗೋವಿನಜೋಳದ ಬೆಂಡು, ಹೊಲದಲ್ಲಿ ಏನು ಉಳಿಯುತ್ತೋ ಅದು.

ಐದೂ ಮನೆಗೆ ಫೋನ್ ಮಾಡಿ ಕೇಳಿದ್ವಿ: ಪೈಪ್ ಯಾವಾಗ ಸ್ವಚ್ಛ ಮಾಡ್ತೀರಿ? ಒಂದು ಮನೆ ಹೇಳಿದ್ದು, "ದೀಪಾವಳಿಗೆ, ನೀರು ತುಂಬೋ ಮುಂದ." ಇನ್ನೊಂದು, "ಹೊಗಿ ತಿರುಗಿ ಒಳಗ ಬಂದಾಗ." ಮೂರನೆಯದು, "ಹಾಕಿಸಿದಾಗಿಂದ ಮುಟ್ಟೇ ಇಲ್ಲ." ಉಳಿದ ಎರಡು ಮನೆಯ ಅವ್ವಂದಿರು ಒಂದೇ ಮಾತು ಹೇಳಿದ್ರು: "ನಿಮ್ಮಪ್ಪಗ ಕೇಳು."

ಮೊದಲು ಲೆಕ್ಕ ನೋಡೋಣ. ಪೈಪಿನಲ್ಲಿ ಹೊಗೆಯನ್ನ ಮೇಲೆಳೆಯೋಕೆ ಫ್ಯಾನ್ ಇಲ್ಲ, ಬಿಸಿ ಗಾಳಿ ಹಗುರ ಅನ್ನೋದಷ್ಟೇ ಅದರ ಬಲ. ಪೈಪಿನ ಎತ್ತರ 3 ಮೀಟರ್, ಒಳಗೆ ಸರಾಸರಿ 150 ಡಿಗ್ರಿ, ಹೊರಗೆ 30 ಡಿಗ್ರಿ ಅಂತ ಇಟ್ಕೊಳ್ಳಿ. ಬರೋ ಎಳೆತ ಸುಮಾರು 10 ಪಾಸ್ಕಲ್. ಅಂದ್ರೆ 1 ಮಿಲಿಮೀಟರ್ ನೀರು ನಿಂತಾಗಿನ ಒತ್ತಡ, ಅಷ್ಟೇ. ಇಷ್ಟು ಬಡಪಾಯಿ ಬಲಕ್ಕೆ ದಾರಿ ಪೂರ್ತಿ ತೆರೆದಿರಬೇಕು. 100 ಮಿ.ಮೀ. ಅಗಲದ ಪೈಪಿನಲ್ಲಿ ಸುತ್ತಲೂ 3 ಮಿ.ಮೀ. ಮಸಿ ಕೂತರೆ ಹೊಗೆಯ ದಾರಿ ಸುಮಾರು 12% ಕಿರಿದಾಗುತ್ತೆ. 10 ಮಿ.ಮೀ. ಆದರೆ 36%. ಘರ್ಷಣೆ ಬೇರೆ ಹೆಚ್ಚುತ್ತೆ. ಹೋಗಲಾರದ ಹೊಗೆ ಒಲೆ ಬಾಯಿಂದಲೇ ಹೊರಗೆ ಬರುತ್ತೆ, ಅಲ್ಲಿ ರೊಟ್ಟಿ ಬಡಿಯೋರು ಕೂತಿರ್ತಾರೆ. ಮುಚ್ಚಿದ ಬಚ್ಚಲಲ್ಲಿ ಬಂಬ ಇದ್ದರೆ ಇನ್ನೂ ಅಪಾಯ. ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ.

ಹಾಗಾದ್ರೆ ಎಷ್ಟು ದಿನಕ್ಕೊಮ್ಮೆ? ಅಮೆರಿಕದ ಎನ್‌ಎಫ್‌ಪಿಎ 211 ಅನ್ನೋ ಮಾನದಂಡ ವರ್ಷಕ್ಕೊಮ್ಮೆಯಾದರೂ ತಪಾಸಣೆ ಮಾಡಿ ಅನ್ನುತ್ತೆ. ನಮ್ಮ ನೀರು ತುಂಬೋ ಹಬ್ಬ ಹಂಡೆ, ಬಂಬ ತಿಕ್ಕಿಸಿ ಅದೇ ಕೆಲಸ ಮಾಡಿಸ್ತಾ ಬಂದಿದೆ. ಆದರೆ ಅದು ಕನಿಷ್ಠ ಮಿತಿ. ಮಸಿ ಸುಮಾರು 3 ಮಿ.ಮೀ. ಆಯ್ತು ಅಂದ್ರೆ ಹಬ್ಬಕ್ಕೆ ಕಾಯಬಾರದು ಅಂತ ಅಲ್ಲಿನ ಚಿಮಣಿ ಸ್ವಚ್ಛ ಮಾಡೋರು ಹೇಳ್ತಾರೆ. ಅಳತೆ ಸುಲಭ: ಒಂದು ರೂಪಾಯಿಯ ಎರಡು ನಾಣ್ಯ ಜೋಡಿಸಿದಷ್ಟು ದಪ್ಪ. ಉರುವಲು ಹಸಿ ಇದ್ದರೆ ಅದು ಬೇಗ ಬರುತ್ತೆ. ಹಸಿ ಕಟ್ಟಿಗೆಯ ಹೊಗೆ ತಣ್ಣಗಿರುತ್ತೆ, ಪೈಪಿನ ಗೋಡೆಗೆ ಡಾಂಬರಿನ ಹಾಗೆ ಅಂಟುತ್ತೆ, ಆಮೇಲೆ ಅದಕ್ಕೇ ಬೆಂಕಿ ಹತ್ತಬಹುದು. 2019ರ ಆಗಸ್ಟ್‌ನಲ್ಲಿ ಕೃಷ್ಣೆ, ದೂಧಗಂಗೆ ಉಕ್ಕಿದಾಗ ನಮ್ಮ ಸೀಮೆಯಲ್ಲಿ ಎಷ್ಟೋ ಮನೆಯ ಕಟ್ಟಿಗೆ ತೊಯ್ದು ಹೋಯ್ತು. ಅಂಥ ವರ್ಷ ವರ್ಷಕ್ಕೊಮ್ಮೆ ಅನ್ನೋ ಲೆಕ್ಕ ನಡೆಯಲ್ಲ. ನಾವು ಒಪ್ಪಿಕೊಂಡ ಉತ್ತರ ಇದು: ದಿನಾ ಉರಿಯೋ ಒಲೆಯಾದರೆ ತಿಂಗಳಿಗೊಮ್ಮೆ ನೋಡಬೇಕು, ಎರಡು ನಾಣ್ಯದಷ್ಟಾದರೆ ತೆಗೀಬೇಕು.

ಆದರೆ ನಮ್ಮನ್ನ ಕಾಡಿದ್ದು ಈ ಅಳತೆಯಲ್ಲ, "ನಿಮ್ಮಪ್ಪಗ ಕೇಳು" ಅನ್ನೋ ಮಾತು. ಒಲೆ ಅವ್ವಂದು. ಪೈಪಿನ ಬಾಯಿ ಇರೋದು ಮಾಳಿಗೆ ಮೇಲೆ. ಸೀರೆ ಉಟ್ಟು ನಿಚ್ಚಣಿಕೆ ಹತ್ತೋದು ನಮ್ಮ ಮನೆಗಳಲ್ಲಿ ಹೆಂಗಸರ ಕೆಲಸ ಅಲ್ಲ. ಹತ್ತೋ ಗಂಡಸರಿಗೆ ಹೊಗೆ ತಾಗೋದಿಲ್ಲ, ಅವರು ಅಡುಗೆಮನೆಗೆ ಬರೋ ಹೊತ್ತಿಗೆ ರೊಟ್ಟಿ ಬುಟ್ಟೀಲಿರುತ್ತೆ. ಹೊಗೆ ಕುಡಿಯೋರು ಒಬ್ಬರು, ಪೈಪ್ ಯಾವಾಗ ಸ್ವಚ್ಛ ಆಗಬೇಕು ಅಂತ ತೀರ್ಮಾನ ಮಾಡೋರು ಇನ್ನೊಬ್ಬರು.

ಇದು ಬರೀ ನಮ್ಮ ಮನೆಗಳ ಕಥೆ ಅಲ್ಲ. ಒಡಿಶಾದಲ್ಲಿ ರೆಮಾ ಹನ್ನಾ, ಎಸ್ತರ್ ಡುಫ್ಲೋ, ಮೈಕೆಲ್ ಗ್ರೀನ್‌ಸ್ಟೋನ್ ಅವರು 2,600ಕ್ಕೂ ಹೆಚ್ಚು ಮನೆಗಳಲ್ಲಿ ಚಿಮಣಿ ಇರೋ ಸುಧಾರಿತ ಒಲೆಯ ಅಧ್ಯಯನ ಮಾಡಿದ್ರು. ಮೊದಲ ವರ್ಷ ಒಳಗೆಳೆದುಕೊಳ್ಳೋ ಹೊಗೆ ಕಡಿಮೆ ಆಯ್ತು, ಆಮೇಲಿನ ವರ್ಷಗಳಲ್ಲಿ ಆ ಲಾಭ ಉಳೀಲಿಲ್ಲ. ಒಲೆಯ ಬಳಕೆ, ದುರಸ್ತಿ, ಸ್ವಚ್ಛತೆ ಎಲ್ಲ ಸಡಿಲಾಗಿತ್ತು. ಪ್ರಯೋಗಾಲಯದಲ್ಲಿ ಚೆನ್ನಾಗಿದ್ದ ಒಲೆ ಮನೇಲಿ ಸೋತಿತ್ತು. ನಮ್ಮ ರಾಜ್ಯದಲ್ಲೇ ಐಐಎಸ್‌ಸಿಯ 'ಅಸ್ತ್ರ' ಕೇಂದ್ರ 1974ರಲ್ಲಿ ಶುರುವಾಗಿ, 80ರ ದಶಕದಲ್ಲಿ ಅಸ್ತ್ರ ಒಲೆಯನ್ನ ಹಳ್ಳಿಗಳಿಗೆ ಕೊಟ್ಟಿತು. ಅದಕ್ಕೂ ಚಿಮಣಿ ಇತ್ತು. ಚಿಮಣಿ ಅಂದಮೇಲೆ ಮಸಿ ತೆಗೆಯೋ ಕೈಯೂ ಬೇಕು.

ಸಕ್ಕರೆ ಕಾರ್ಖಾನೆ ನೋಡಿ. ಉಗಾರದಿಂದ ರಾಯಬಾಗದವರೆಗೆ ಅವುಗಳ ಚಿಮಣಿ ದೂರದಿಂದಲೇ ಕಾಣುತ್ತೆ. ಬಾಯ್ಲರ್‌ಗಳಲ್ಲಿ ಮಸಿ ಊದಿ ತೆಗೆಯೋ ಸೂಟ್ ಬ್ಲೋವರ್ ಇರುತ್ತೆ, ಕೆಲಸಕ್ಕೆ ಆಳಿರ್ತಾರೆ, ಬರೆದಿಡೋಕೆ ಪುಸ್ತಕ ಇರುತ್ತೆ. ಅಲ್ಲಿ ಮಸಿ ಕೂತರೆ ಇಂಧನ ದಂಡ ಅಂತ ಎಲ್ಲರಿಗೂ ಗೊತ್ತು. ಅವ್ವನ ಉಸಿರಿಗೆ ಅಂಥ ಪುಸ್ತಕ ಇಲ್ಲ.

ಈ ರಜೆಗೆ ನಾವು ಮಾಡೋ ಕೆಲಸ ಸಣ್ಣದು. ಒಲೆಯಿಂದ ಹೊರಟ ಪೈಪು ಗೋಡೆ ದಾಟಿ ಮೇಲಕ್ಕೆ ತಿರುಗೋ ಕಡೆ ಮೊಣಕೈ ಬದಲು 'ಟಿ' ಜೋಡಿಸಿ, ಅದರ ಕೆಳಬಾಯಿಗೆ ಬಿಚ್ಚೋ ಮುಚ್ಚಳ ಹಾಕಬೇಕು. ಒಲೆ ತಣ್ಣಗಾದ ಮೇಲೆ ಮುಚ್ಚಳ ತೆಗೆದು, ಉದ್ದ ಹಿಡಿಕೆಯ ಬ್ರಶ್ ಕೆಳಗಿಂದಲೇ ಆಡಿಸಿದರೆ ಮಸಿ ಬುಟ್ಟಿಗೆ ಬೀಳುತ್ತೆ. ಮೂಗಿಗೆ ಬಟ್ಟೆ ಕಟ್ಕೊಂಡಿರಬೇಕು, ಅಷ್ಟೇ. ಮಾಳಿಗೆ ಹತ್ತಬೇಕಿಲ್ಲ, ಯಾರನ್ನೂ ಕಾಯಬೇಕಿಲ್ಲ. ಬ್ರಶ್ ಹಿಡಿಯೋದು ಅವ್ವನೇ ಆಗಬೇಕು ಅಂತಲೂ ಇಲ್ಲ, ರೊಟ್ಟಿ ತಿನ್ನೋ ಯಾರಾದರೂ ಹಿಡೀಬಹುದು.

ಪ್ರಾಜೆಕ್ಟ್ ಎಕ್ಸಿಬಿಷನ್‌ನಲ್ಲಿ ಹೊಗೆರಹಿತ ಒಲೆ ಮಾಡೆಲ್ ಇಟ್ಟವರನ್ನ ಎಲ್ಲರೂ ಎಫಿಶಿಯೆನ್ಸಿ ಎಷ್ಟು ಅಂತ ಕೇಳ್ತಾರೆ. ಮುಂದಿನ ಸಲ ನೀವು ಇನ್ನೊಂದನ್ನೂ ಕೇಳಿ: ಇದರ ಮಸಿ ಯಾರು ತೆಗೀತಾರೆ, ಎಲ್ಲಿ ನಿಂತು ತೆಗೀತಾರೆ?