ಮಾಳಿಗೆ ಮನೆಯ ಕಾರ್ಟೂನು

ಮಕ್ಕಳ ಕಾರ್ಟೂನಿನಲ್ಲಿ ಹಳ್ಳಿ ಬಂತೆಂದರೆ ಒಂದು ಕೆಂಪು ಹೆಂಚಿನ ಮನೆ, ಪಕ್ಕಕ್ಕೆ ಎರಡು ತೆಂಗಿನ ಮರ, ಹಿಂದೆ ಹಸಿರು ಗುಡ್ಡ, ಮುಂದೊಂದು ಬಾವಿ. ಬಂಟ್ವಾಳದ ಮಗುವಿಗೂ ಅದೇ ಹಳ್ಳಿ, ಸಿರುಗುಪ್ಪದ ಮಗುವಿಗೂ ಅದೇ ಹಳ್ಳಿ. ನಮ್ಮ ಬಳ್ಳಾರಿ ಸೀಮೆಯ ಹಳೆಯ ಊರುಗಳಲ್ಲಿ ಇರುವುದು ಮಾಳಿಗೆ ಮನೆ. ದಪ್ಪನೆಯ ಗೋಡೆ, ಅದರ ಮೇಲೆ ತೊಲೆ, ಜಂತೆ, ಅದರ ಮೇಲೆ ಹೊರೆಗಟ್ಟಲೆ ಮಣ್ಣು. ಮುಂಗಾರು ಹತ್ತಿರವಾದಾಗ ಸವಳು ಮಣ್ಣು ತಂದು ಮಾಳಿಗೆಗೆ ಹಾಸಿ ತುಳಿಯಬೇಕು, ಇಲ್ಲದಿದ್ದರೆ ಸೋರುತ್ತದೆ. ನಡುಮನೆಗೆ ಬೆಳಕು ಕಿಟಕಿಯಿಂದ ಬರುವುದಿಲ್ಲ, ಮಾಳಿಗೆಯಲ್ಲಿ ಬಿಟ್ಟ ಬೆಳಕಿಂಡಿಯಿಂದ ಇಳಿಯುತ್ತದೆ. ಮಧ್ಯಾಹ್ನ ಆ ಬೆಳಕಿನ ಕೋಲಿನಲ್ಲಿ ಧೂಳಿನ ಕಣಗಳು ಏಳುತ್ತ ಬೀಳುತ್ತ ಇರುತ್ತವೆ. ಮಳೆ ಹನಿ ಬಿದ್ದ ಕೂಡಲೇ ಮನೆಯ ಹುಡುಗರಲ್ಲಿ ಯಾರಾದರೊಬ್ಬರು ನಿಚ್ಚಣಿಕೆ ಹತ್ತಿ ಓಡಿಹೋಗಿ ಆ ಕಿಂಡಿಯ ಮೇಲೆ ಬಂಡೆ ಮುಚ್ಚಬೇಕು. ಓಡುವ ಹುಡುಗಿ, ಮೇಲೆ ಗುಡುಗು, ಕೆಳಗೆ ಒಲೆಯ ಮುಂದೆ ಕೂತು ಬೇಗ ಬೇಗ ಎಂದು ಕೂಗುವ ತಾಯಿ. ಅನಿಮೇಷನ್ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ದೃಶ್ಯ ಎಲ್ಲಿ ಸಿಗುತ್ತದೆ?

ಸುಧಾ ಮೂರ್ತಿಯವರ ಕಥೆಗಳು 2025ರಲ್ಲಿ ‘ಸ್ಟೋರಿ ಟೈಮ್ ವಿತ್ ಸುಧಾ ಅಮ್ಮ’ ಎಂಬ ಅನಿಮೇಷನ್ ಸರಣಿಯಾಗಿ ಯೂಟ್ಯೂಬಿಗೆ ಬಂದವು. ಕನ್ನಡದಲ್ಲೂ ಬಂದವು ಅನ್ನುವುದೇ ನನಗೆ ದೊಡ್ಡ ಸಂತೋಷ. ಅವರು ಹುಟ್ಟಿದ್ದು 1950ರಲ್ಲಿ, ಶಿಗ್ಗಾವಿಯಲ್ಲಿ. 2012ರಲ್ಲಿ ಬಂದ ‘ಗ್ರ್ಯಾಂಡ್‌ಮಾಸ್ ಬ್ಯಾಗ್ ಆಫ್ ಸ್ಟೋರೀಸ್’ ಪುಸ್ತಕದಲ್ಲಿ ಬೇಸಿಗೆ ರಜೆಗೆ ಬಂದ ಮೊಮ್ಮಕ್ಕಳನ್ನು ಸುತ್ತ ಕೂರಿಸಿಕೊಂಡು ಅಜ್ಜಿ ಕಥೆ ಹೇಳುವುದೂ ಶಿಗ್ಗಾವಿಯಲ್ಲೇ. ಅಜ್ಜಿಯ ದನಿಯೊಂದು ಕಾರ್ಟೂನಿನೊಳಗೆ ಬಂದು ಕೂತಿತಲ್ಲ, ಅದು ಸಣ್ಣ ಕೆಲಸವಲ್ಲ. ಅದಕ್ಕೂ ಮೊದಲು, 2020ರಲ್ಲಿ, ನಮ್ಮ ಗೋವಿನ ಹಾಡಿನ ಪುಣ್ಯಕೋಟಿ ಸಂಸ್ಕೃತದಲ್ಲಿ ಪೂರ್ಣಪ್ರಮಾಣದ ಅನಿಮೇಷನ್ ಚಿತ್ರವಾಗಿ ಬಂದಳು. ಹಾದಿ ತೆರೆದಿದೆ. ಆದರೆ ಅಜ್ಜಿ ಹೇಳುವ ಕಥೆ ಬೇರೆ, ಅಜ್ಜಿಯದೇ ಕಥೆ ಬೇರೆ. ರಾಜನ ಕಥೆ, ಜಾಣ ನರಿಯ ಕಥೆ ಪುಸ್ತಕದಲ್ಲೂ ಸಿಕ್ಕೀತು. ಅಜ್ಜಿ ಎಂಟು ವರ್ಷದವಳಿದ್ದಾಗ ಏನು ಉಣ್ಣುತ್ತಿದ್ದಳು, ಯಾವುದಕ್ಕೆ ಹೆದರುತ್ತಿದ್ದಳು, ಯಾರ ಹೊಲದ ಸೀತನಿ ಕದ್ದು ಸುಟ್ಟು ತಿಂದಳು ಅನ್ನುವುದು ಅವಳ ಬಾಯಿಂದಲ್ಲದೆ ಇನ್ನೆಲ್ಲೂ ಸಿಗುವುದಿಲ್ಲ. ನನಗೆ ಬೇಕಾದ ಸರಣಿ ಅದು. ಬಳ್ಳಾರಿಯದು.

ನಮ್ಮ ಅವ್ವ ಹುಟ್ಟಿದ್ದು ಸಿರುಗುಪ್ಪ ತಾಲ್ಲೂಕಿನ ಹೊಳೆದಂಡೆಯ ಹಳ್ಳಿಯಲ್ಲಿ, ಬಾಳಿದ್ದು ಕುರುಗೋಡಿನಲ್ಲಿ, ಈಗ ಇರುವುದು ಬಳ್ಳಾರಿಯಲ್ಲಿ ನಮ್ಮ ಜೊತೆ. ಸಂಜೆ ನನ್ನ ಮಗಳು ಮೊಬೈಲು ಹಿಡಿದು ಅವಳ ಪಕ್ಕ ಕೂತಾಗ ಅವ್ವ ಸ್ವಲ್ಪ ಹೊತ್ತು ತಾನೂ ನೋಡುತ್ತಾಳೆ. ಆಮೇಲೆ ತನ್ನದನ್ನು ಶುರುಮಾಡುತ್ತಾಳೆ.

ಅವಳು ಹುಟ್ಟಿದಾಗ ಅವಳ ಊರು ಮದ್ರಾಸ್ ಪ್ರಾಂತ್ಯದಲ್ಲಿತ್ತು. ಹೊಳೆಯ ಆಚೆ ದಂಡೆ ರಾಯಚೂರು ಜಿಲ್ಲೆ, ನಿಜಾಮನ ಹೈದರಾಬಾದು ರಾಜ್ಯ. ನಮ್ಮ ಕಡೆಯವರ ಬಾಯಲ್ಲಿ ಅದು ಮೊಗಲಾಯಿ. ನಡುವೆ ಹರಿಯುವುದು ತುಂಗಭದ್ರೆ ಒಂದೇ. ಅವ್ವನ ತಾತನ ತಂಗಿಯನ್ನು ಆಚೆ ದಂಡೆಗೆ ಕೊಟ್ಟಿದ್ದರು. ಹಬ್ಬಕ್ಕೆ, ಬಾಣಂತನಕ್ಕೆ, ಎತ್ತಿನ ವ್ಯಾಪಾರಕ್ಕೆ ಹರಗೋಲಿನಲ್ಲಿ ಹೋಗಿಬರುವುದು ವಾಡಿಕೆ. ಬಿದಿರು ಹೆಣೆದು ಮೇಲೆ ತೊಗಲು ಹೊದಿಸಿದ ದುಂಡನೆಯ ಹರಗೋಲು ನೆಟ್ಟಗೆ ಹೋಗುವುದಿಲ್ಲ, ತಿರುಗುತ್ತ ತಿರುಗುತ್ತ ಸಾಗುತ್ತದೆ. ಹತ್ತುವಾಗ ಕಂಡ ಊರು ನಡುಹೊಳೆಯಲ್ಲಿ ಬೆನ್ನ ಹಿಂದಿರುತ್ತದೆ, ಮತ್ತೆ ಎದುರಿಗೆ ಬರುತ್ತದೆ. ಐದು ವರ್ಷದ ಹುಡುಗಿಗೆ ಯಾವ ದಂಡೆ ಯಾವ ರಾಜ್ಯ ಎಂದು ತಿಳಿಯುವುದು ಹೇಗೆ? ಅವ್ವನಿಗೆ ತಿಳಿದದ್ದು ರೊಕ್ಕದಿಂದ. ಈಚೆ ದಂಡೆಯ ರೂಪಾಯಿ ಬೇರೆ, ಆಚೆ ದಂಡೆಯ ಹಾಲಿ ಸಿಕ್ಕಾ ಬೇರೆ. ಈ ಕಡೆಯದನ್ನು ಅಲ್ಲಿಯವರು ಕಲ್ದಾರ ಅನ್ನುತ್ತಿದ್ದರು, ಅದಕ್ಕೆ ಬೆಲೆ ಹೆಚ್ಚು. ತಾತ ಎರಡು ಚೀಲ ಇಟ್ಟುಕೊಂಡಿದ್ದನಂತೆ, ಸೊಂಟದ ಎರಡು ಕಡೆಗೆ ಒಂದೊಂದು. ಹರಗೋಲು ಇಳಿದ ಮೇಲೆ ಅವನ ಕೈ ಎಡಕ್ಕೆ ಹೋದರೆ ಮೊಗಲಾಯಿ, ಬಲಕ್ಕೆ ಹೋದರೆ ನಮ್ಮೂರು.

“ಅಜ್ಜೀ, ಹಂಗಾದ್ರ ನೀನು ಪಾಸ್‌ಪೋರ್ಟ್ ಇಲ್ಲದ ಫಾರಿನ್‌ಗೆ ಹೋಗಿದ್ದೇನು?”

“ಎಲ್ಲೀ ಫಾರಿನ್ನವ್ವಾ, ನಮ್ಮ ತಾತನ ತಂಗಿ ಮನಿ ಅದು. ರೊಟ್ಟಿ ಅಲ್ಲೀವೂ ಹಿಂಗ ಇದ್ದವು.”

1947–48ರಲ್ಲಿ ಆಚೆ ದಂಡೆಯಲ್ಲಿ ನಿಜಾಮನ ಪರವಾಗಿದ್ದ ರಜಾಕಾರರ ಹಾವಳಿ ಎದ್ದಾಗ ಜನ ಹೊಳೆ ದಾಟಿ ಬಳ್ಳಾರಿ ಸೀಮೆಗೆ ಬಂದರು. ಅವ್ವನ ಮನೆಯ ಮಾಳಿಗೆಯ ಮೇಲೂ ಒಂದು ಕುಟುಂಬ ಬೇಸಿಗೆಯಿಂದ ಮಳೆಗಾಲದವರೆಗೆ ಇತ್ತು. ಅವರಲ್ಲಿ ಇವಳ ವಾರಿಗೆಯ ಒಬ್ಬಳು ಹುಡುಗಿ. ಇಬ್ಬರೂ ದಿನವಿಡೀ ಕುಂಟೆಬಿಲ್ಲೆ ಆಡಿದರು. ರಾತ್ರಿ ನಾಯಿ ಬೊಗಳಿದರೆ ಆ ಹುಡುಗಿ ಎದ್ದು ಕೂತು ತನ್ನ ತಾಯಿಯ ಸೆರಗು ಹಿಡಿಯುತ್ತಿದ್ದಳು ಎಂದು ಅವ್ವ ಹೇಳುವಾಗ ಅವಳ ಕೈ ತಾನಾಗಿಯೇ ತನ್ನ ಸೆರಗಿಗೆ ಹೋಗುತ್ತದೆ. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಭಾರತಕ್ಕೆ ಸೇರಿತು. ಆ ಕುಟುಂಬ ಹರಗೋಲು ಹತ್ತಿ ಹೋಯಿತು. ಇಂಥದ್ದನ್ನು ಮಕ್ಕಳಿಗೆ ತೋರಿಸಬಾರದು ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ನನ್ನ ಮಗಳು ಪೂರ್ತಿ ಕೇಳಿದಳು, ಕೇಳಿ ಎರಡೇ ಪ್ರಶ್ನೆ ಕೇಳಿದಳು: ಆ ಹುಡುಗಿ ಮತ್ತೆ ಬಂದಳಾ, ಅವಳ ಬಿಲ್ಲೆ ಯಾರ ಹತ್ತಿರ ಉಳಿಯಿತು. ಅಜ್ಜಿಯ ಮಡಿಲಲ್ಲಿ ಕೂತು ಕೇಳುವ ಭಯ ಮಗುವನ್ನು ಗಟ್ಟಿ ಮಾಡುತ್ತದೆ. ದಿನಕ್ಕೆ ನೂರು ಸಲ ಗುದ್ದಾಡಿ ಬಿದ್ದೇಳುವ ಕಾರ್ಟೂನಿನ ಬೆಕ್ಕು ನಾಯಿಗಳಿಂದ ಅದು ಆಗುವುದಿಲ್ಲ.

ಆಮೇಲೆ ಬರುತ್ತದೆ 1953. ಅವ್ವನ ಬಾಲ್ಯದ ನಡುವೆ ಗೆರೆ ಎಳೆದ ವರ್ಷ ಅದು. ಹೊಸಪೇಟೆಯ ಹತ್ತಿರ 1945ರಲ್ಲಿ ಶುರುವಾದ ತುಂಗಭದ್ರಾ ಅಣೆಕಟ್ಟೆಯಿಂದ ಕಾಲುವೆಗೆ ನೀರು ಬಿಟ್ಟದ್ದು ಆ ವರ್ಷ. ಅದೇ ವರ್ಷ ಅಕ್ಟೋಬರ್ 1ರಂದು ಬಳ್ಳಾರಿ, ಸಿರುಗುಪ್ಪ, ಹೊಸಪೇಟೆ, ಸಂಡೂರು, ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಸೇರಿದವು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ರಾಜ್ಯ ಬದಲಾದದ್ದು ಅವ್ವನಿಗೆ ಮೇಷ್ಟ್ರು ಹಂಚಿದ ಪೆಪ್ಪರಮೆಂಟಿನ ಮಟ್ಟಿಗೆ ಮಾತ್ರ ನೆನಪು. ನೀರು ಬಂದದ್ದು ಮಾತ್ರ ಇಂಚಿಂಚೂ ನೆನಪು. ಎರೆ ಹೊಲದಲ್ಲಿ ಜೋಳ, ಹತ್ತಿ ಬೆಳೆಯುತ್ತಿದ್ದವರ ಕಣ್ಣ ಮುಂದೆ ಭತ್ತದ ಗದ್ದೆ ಎದ್ದಿತು. ಅನ್ನ ಹಬ್ಬದ ಊಟವಾಗಿತ್ತು, ನಿತ್ಯದ ಊಟವಾಯಿತು. ಆಂಧ್ರದ ರೈತರು ಬಂದು ಭೂಮಿ ಕೊಂಡು ನೆಲೆಯೂರಿದರು. ಅವರ ವಸತಿಗಳಿಗೆ ಕ್ಯಾಂಪು ಅನ್ನುವ ಹೆಸರು ಇವತ್ತಿಗೂ ಉಳಿದಿದೆ. ಸಿರುಗುಪ್ಪದ ಸುತ್ತ ಅಕ್ಕಿ ಗಿರಣಿಗಳು ಎದ್ದವು. ಒಂದು ತಲೆಮಾರಿನಲ್ಲಿ ಭೂಮಿಯ ಬಣ್ಣವೇ ಕಪ್ಪಿನಿಂದ ಹಸಿರಿಗೆ ತಿರುಗಿದ್ದನ್ನು ಕಣ್ಣಾರೆ ಕಂಡ ಮಕ್ಕಳು ಈಗ ಎಂಬತ್ತು ದಾಟಿದ ಅಜ್ಜ ಅಜ್ಜಿಯರು. ಬಣ್ಣದಲ್ಲಿ ಕಥೆ ಹೇಳುವ ಮಾಧ್ಯಮಕ್ಕೆ ಇಂಥ ಕಥೆ ಕಾದು ಕೂತಿದೆ.

ಚಲಿಸುವ ಬಣ್ಣದ ಚಿತ್ರ ಬಳ್ಳಾರಿಗೆ ಹೊಸತಲ್ಲ ಅನ್ನುವುದನ್ನೂ ಹೇಳಬೇಕು. ಮಳೆ ಕೈಕೊಟ್ಟ ವರ್ಷ ಊರವರು ಕಿಳ್ಳೇಕ್ಯಾತರನ್ನು ಕರೆಸಿ ತೊಗಲುಗೊಂಬೆ ಆಡಿಸುತ್ತಿದ್ದರು, ಆಡಿಸಿದರೆ ಮಳೆ ಬರುತ್ತದೆ ಎಂಬ ನಂಬಿಕೆ. ಮೇಕೆಯ ಚರ್ಮವನ್ನು ಕೂದಲು ಹೋಗುವಂತೆ ಹೆರೆದು ಹೆರೆದು ಬೆಳಕು ಹಾಯುವಷ್ಟು ತೆಳ್ಳಗೆ ಮಾಡುತ್ತಾರೆ. ಅದರ ಮೇಲೆ ರಾಮನನ್ನೋ ರಾವಣನನ್ನೋ ಬರೆದು, ಕೆಂಪು, ಹಸಿರು, ಕಪ್ಪು ಬಣ್ಣ ಹಚ್ಚಿ, ಒಡವೆಗಳು ಬರುವ ಕಡೆ ಉಳಿಯಿಂದ ಸಣ್ಣ ಸಣ್ಣ ತೂತು ಕೊರೆಯುತ್ತಾರೆ. ಬಿಳಿ ಪರದೆಯ ಹಿಂದೆ ದೀಪ ಹಚ್ಚಿದಾಗ ಆ ತೂತುಗಳೆಲ್ಲ ಮುತ್ತಾಗುತ್ತವೆ. ಕೈ ಕಾಲಿನ ಕೀಲುಗಳು ಬೇರೆ ಬೇರೆ, ಕೋಲಿನಿಂದ ಆಡಿಸಿದರೆ ಸೀತೆ ತಲೆ ತಗ್ಗಿಸುತ್ತಾಳೆ, ಹನುಮಂತ ಜಿಗಿಯುತ್ತಾನೆ. ನಡುನಡುವೆ ಕಿಳ್ಳೇಕ್ಯಾತ, ಬಂಗಾರಕ್ಕ ಎಂಬ ಗೊಂಬೆಗಳು ಬಂದು ನಗಿಸುತ್ತವೆ. ಬೆಳತನಕ ಆಟ. ಅವ್ವ ಇದನ್ನು ಕುರುಗೋಡಿನಲ್ಲಿ ನೋಡಿದ್ದಾಳೆ, ಗುಡ್ಡದ ಬಂಡೆಗಳ ಕೆಳಗೆ ಚಾಪೆ ಹಾಸಿ, ಕಂಕುಳಲ್ಲಿ ನಮ್ಮಣ್ಣನನ್ನು ಇಟ್ಟುಕೊಂಡು.

ಜರ್ಮನಿಯ ಲೊಟ್ಟೆ ರೈನಿಗರ್ 1926ರಲ್ಲಿ ಕಾಗದ ಕತ್ತರಿಸಿದ ನೆರಳುಗೊಂಬೆಗಳಿಂದ ರಾಜಕುಮಾರ ಅಹ್ಮದನ ಕಥೆಯನ್ನು ಸಿನಿಮಾ ಮಾಡಿದಳು. ಇವತ್ತು ಉಳಿದಿರುವ ಪೂರ್ಣಪ್ರಮಾಣದ ಅನಿಮೇಷನ್ ಚಿತ್ರಗಳಲ್ಲೆಲ್ಲ ಅದೇ ಹಳೆಯದು. ಅನಿಮೇಷನ್ನಿನ ಒಂದು ಬೇರು ನೆರಳುಗೊಂಬೆಯಲ್ಲಿದೆ. ನಮ್ಮಲ್ಲಿ ಬೇರು ನೆಲದಲ್ಲಿ ಜೀವಂತವಾಗಿಯೇ ಇದೆ. ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ರಂಗಭೂಮಿಯಿಂದ ಬಂದು ತೊಗಲುಗೊಂಬೆಗೆ ತಮ್ಮ ಆಯುಷ್ಯವನ್ನೇ ಕೊಟ್ಟರು. ರಾಮಾಯಣಕ್ಕೇ ನಿಲ್ಲದೆ ಗಾಂಧೀಜಿಯನ್ನೂ ಸ್ವಾತಂತ್ರ್ಯ ಹೋರಾಟವನ್ನೂ ತೊಗಲಿನ ಮೇಲೆ ಬರೆಸಿ ಪರದೆಯ ಮೇಲೆ ತಂದರು. ಇದು ಬಹಳ ದೊಡ್ಡ ಮಾತು. ಪುರಾಣದ ಪರದೆಯ ಮೇಲೆ ನಿನ್ನೆ ಮೊನ್ನೆಯ ಮನುಷ್ಯರಿಗೂ ಜಾಗವಿದೆ ಎಂದು ಮಾಡಿ ತೋರಿಸಿದವರು ಅವರು. 2023ರ ಏಪ್ರಿಲಿನಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಗಾಂಧಿ ತೊಗಲುಗೊಂಬೆಯಾಗಬಹುದಾದರೆ ಎರಡು ಚೀಲದ ನಮ್ಮ ತಾತ ಯಾಕಾಗಬಾರದು? ಬಳ್ಳಾರಿಯ ಮಕ್ಕಳ ಸರಣಿ ಯಾರಾದರೂ ಮಾಡುವುದಾದರೆ ಅದರ ಗೆರೆ, ಅದರ ಬಣ್ಣ, ಬೆಳಕು ಹಾಯುವ ಅದರ ಚರ್ಮ ಈ ಗೊಂಬೆಗಳಿಂದ ಬರಲಿ. ಗುಂಡು ಮುಖ, ದೊಡ್ಡ ಕಣ್ಣಿನ ಎರವಲು ಮಕ್ಕಳು ಬೇಡ.

ಐರ್ಲೆಂಡಿನವರನ್ನು ನೋಡಿ ನನಗೆ ಆಸೆಯಾಗುತ್ತದೆ. ಸಣ್ಣ ದೇಶ. ಕಿಲ್ಕೆನಿ ಎಂಬ ಊರಿನ ಕಾರ್ಟೂನ್ ಸಲೂನ್ ಸಂಸ್ಥೆ ತನ್ನ ನಾಡಿನ ಕಡಲು, ಬಂಡೆ, ಜನಪದ ಕಥೆಗಳನ್ನೇ ಇಟ್ಟುಕೊಂಡು 2014ರಲ್ಲಿ ‘ಸಾಂಗ್ ಆಫ್ ದ ಸೀ’ ಮಾಡಿತು, ಆಸ್ಕರ್ ನಾಮನಿರ್ದೇಶನದವರೆಗೆ ಹೋಯಿತು. ಇದು ಒಮ್ಮೆಲೇ ಆದದ್ದಲ್ಲ. 1937ರಿಂದ 1939ರವರೆಗೆ ಅಲ್ಲಿಯ ಜಾನಪದ ಆಯೋಗ ಸುಮಾರು 5,000 ಪ್ರಾಥಮಿಕ ಶಾಲೆಗಳ ಮಕ್ಕಳ ಕೈಗೆ ನೋಟ್‌ಬುಕ್ಕು ಕೊಟ್ಟು, ಮನೆಗೆ ಹೋಗಿ ಅಜ್ಜ ಅಜ್ಜಿಯರನ್ನು ಕೇಳಿಕೊಂಡು ಬನ್ನಿ ಎಂದಿತು. ಹನ್ನೊಂದರಿಂದ ಹದಿನಾಲ್ಕು ವರ್ಷದ ಮಕ್ಕಳು ಊರಿನ ಬಾವಿ, ಹಳೆಯ ಕೋಟೆ, ಮನೆಮದ್ದು, ಬರಗಾಲದ ನೆನಪು, ಆಟ, ದೆವ್ವ ಎಲ್ಲವನ್ನೂ ದುಂಡಗಿನ ಅಕ್ಷರದಲ್ಲಿ ಬರೆದು ತಂದರು. ಆ ಪುಟಗಳು ಈಗ ಯಾರು ಬೇಕಾದರೂ ತೆರೆದು ಓದುವಂತೆ ಇಂಟರ್ನೆಟ್ಟಿನಲ್ಲಿವೆ.

ನಮ್ಮಲ್ಲೂ ಹೀಗೆ ಕಥೆ ಕೂಡಿಸುವುದಕ್ಕೆ ಸ್ಟುಡಿಯೋ ಬೇಕಿಲ್ಲ, ಕೋಟಿ ಬೇಕಿಲ್ಲ. ಒಂದು ದಸರಾ ರಜೆಗೆ ಸಿರುಗುಪ್ಪ, ಕುರುಗೋಡು ತಾಲ್ಲೂಕಿನ ಮೇಷ್ಟ್ರುಗಳು ಮಕ್ಕಳಿಗೆ ಇದೊಂದೇ ಹೋಂವರ್ಕ್ ಕೊಡಲಿ. ತೆಕ್ಕಲಕೋಟೆಯ ಗುಡ್ಡದಲ್ಲಿ ನವಶಿಲಾಯುಗದ ಜನ ಬದುಕಿದ್ದರೆಂದು 1960ರ ದಶಕದಲ್ಲಿ ಉತ್ಖನನ ಮಾಡಿ ತೋರಿಸಿದರು. ಅದೇ ಗುಡ್ಡದಲ್ಲಿ ಕುರಿ ಕಾಯುತ್ತ ಅಗೆಯುವವರನ್ನು ನೋಡಿದ ಹುಡುಗ ಇವತ್ತು ಯಾವುದಾದರೂ ಮನೆಯ ಕಟ್ಟೆಯ ಮೇಲೆ ಮುದುಕನಾಗಿ ಕೂತಿರುತ್ತಾನೆ. ಕೆಂಚನಗುಡ್ಡದ ಹತ್ತಿರದ ವಿಜಯನಗರ ಕಾಲದ ಒಡ್ಡಿನಲ್ಲಿ ಈಜು ಕಲಿತವರಿದ್ದಾರೆ. ಕುರುಗೋಡಿನ ದೊಡ್ಡಬಸವೇಶ್ವರನ ತೇರಿನಲ್ಲಿ ತಪ್ಪಿಸಿಕೊಂಡು, ಆ ಏಕಶಿಲೆಯ ದೊಡ್ಡ ಬಸವಣ್ಣನ ಮುಂದೆ ಅಳುತ್ತ ಕೂತು ಸಿಕ್ಕವರಿದ್ದಾರೆ. ಕೇಳುವ ಮಗು ಬೇಕು, ಅಷ್ಟೇ.

ಸರಣಿ ಆದಾಗ ದನಿಯೂ ಇಲ್ಲಿಯದೇ ಇರಲಿ. ಮಕ್ಕಳ ಚಾನೆಲ್ ಚಿಂಟು ಟಿವಿ ಬಂದ ಮೇಲೆ ಕಾರ್ಟೂನಿನ ಡೋರಾ ಕನ್ನಡ ಮಾತಾಡಿದಳು, ನಮ್ಮ ಮಕ್ಕಳು ಅವಳ ಜೊತೆ ಕೂಗಿ ಕೂಗಿ ಉತ್ತರ ಹೇಳಿದರು, ಅದು ಒಳ್ಳೆಯದೇ ಆಯಿತು. ಆದರೆ ನಮ್ಮ ಅಜ್ಜಿ ಡಬ್ಬಿಂಗಿನ ಕನ್ನಡ ಆಡಬಾರದು. ಅವ್ವನ ಮಾತಿನಲ್ಲಿ ತೆಲುಗಿನ ಎಳೆಯಿದೆ, ಮೊಗಲಾಯಿಯ ಉರ್ದುವಿದೆ, ನಡುನಡುವೆ ನಿಟ್ಟುಸಿರಿದೆ. ಮರೆತ ಹೆಸರನ್ನು ಹುಡುಕುತ್ತ ಅವಳು ಸುಮ್ಮನಾಗುವುದಿದೆಯಲ್ಲ, ಆ ಹೊತ್ತನ್ನೂ ಕತ್ತರಿಸದೆ ಇಡಬೇಕು. ಮಗು ಕಾಯಲು ಕಲಿಯುವುದು ಅಲ್ಲಿ. ಆದ್ದರಿಂದ ಚಿತ್ರ ಆಮೇಲೆ ಬರೆಯಬಹುದು, ದನಿ ಮಾತ್ರ ಈಗಲೇ ಹಿಡಿದಿಟ್ಟುಕೊಳ್ಳಬೇಕು. ನಾನು ಅವ್ವನದನ್ನು ಮೊಬೈಲಿನಲ್ಲಿ ತುಂಬಿಕೊಳ್ಳುತ್ತಿದ್ದೇನೆ. ಹಿಂದೆ ಕುಕ್ಕರ್ ಸೀಟಿ, ಬೀದಿಯ ಆಟೋ, ಎಲ್ಲವೂ ಸೇರಿಕೊಂಡಿವೆ. ಇರಲಿ.

ಮಗಳು ತನ್ನ ಪಾಡಿಗೆ ಡ್ರಾಯಿಂಗ್ ಹಾಳೆಯಲ್ಲಿ ಮೊದಲ ಕಂತು ಶುರುಮಾಡಿದ್ದಾಳೆ. ಹರಗೋಲು, ತಾತ, ಎರಡು ಚೀಲ, ಹೊಳೆ. ಹೊಳೆಗೆ ನೀಲಿ ಬಳಿದು ಅಜ್ಜಿಗೆ ತೋರಿಸಿದಳು. ಅವ್ವ ಕನ್ನಡಕ ಹಾಕಿಕೊಂಡು ನೋಡಿದಳು.

“ಇದು ಯಾವ ಹೊಳಿ? ನಮ್ಮ ಹೊಳಿ ಆಷಾಢದಾಗ ಕೆಂಪಗ ಬರತೈತಿ. ಮಲೆನಾಡಿನ ಮಣ್ಣೆಲ್ಲಾ ತೊಳಕೊಂಡು ಬರತೈತಿ. ಕೆಂಪು ಹಚ್ಚು.”

“ಬೇಸಿಗ್ಯಾಗ?”

“ಬೇಸಿಗ್ಯಾಗ ನೀರು ಎಲ್ಲಿದ್ದಾವು? ಬರೇ ಉಸುಕು. ವರತಿ ತೋಡಿ ಚಿಪ್ಪಿಲೆ ಮೊಗದು ತುಂಬತಿದ್ವಿ. ಅದನ್ನ ಬ್ಯಾರೆ ಹಾಳಿಗೆ ಬರಿ. ಮೊದಲು ಇದನ್ನ ಸರಿ ಮಾಡು, ಆಮ್ಯಾಲೆ ಮುಂದಿಂದು ಹೇಳತೀನಿ.”