ಮೂರು ನಾಟಕ, ಒಂದು ಧಾರಾವಾಹಿ, ಮತ್ತೆ ಅವ್ವ

ಈ ತಿಂಗಳ ಓದೆಲ್ಲ ಬಸ್ಸಿನಲ್ಲೇ ಆಯ್ತು. ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ದಿನಾ ಓಡಾಟ. ರಾಜೇಶ್ವರ ದಾಟಿ, ಬಂಗ್ಲಾ ಹತ್ತಿರ ಹೆದ್ದಾರಿ ಬಿಟ್ಟು ಊರ ಕಡೆ ತಿರುಗೋ ಹೊತ್ತಿಗೆ ಹದಿನೈದಿಪ್ಪತ್ತು ಪುಟ ಮುಗಿದಿರುತ್ತೆ, ಸೀಟು ಸಿಕ್ಕರೆ. ಸಿಗದಿದ್ದರೆ ಯಾರದೋ ಮೊಬೈಲಿನ ಹಾಡು ಕೇಳ್ತಾ ಕಂಬಿ ಹಿಡಿದು ನಿಲ್ಲೋದು :)

ಓದಿದ್ದು ಮೂರು ನಾಟಕ. ಲಂಕೇಶರ 'ಸಂಕ್ರಾಂತಿ', ಎಚ್.ಎಸ್. ಶಿವಪ್ರಕಾಶರ 'ಮಹಾಚೈತ್ರ', ಗಿರೀಶ ಕಾರ್ನಾಡರ 'ತಲೆದಂಡ'. ಮೂರರಲ್ಲೂ ಇರೋದು ನಮ್ಮ ಕಲ್ಯಾಣವೇ, 12ನೇ ಶತಮಾನದ್ದು. ದಿನಾ ಆ ಊರಿಗೆ ಹೋಗಿ ಬರೋನು ಇವನ್ನು ಓದೋಕೆ ಇಷ್ಟು ವರ್ಷ ತಗೊಂಡೆ ಅಂತ ಹೇಳೋಕೆ ಸ್ವಲ್ಪ ನಾಚಿಕೆ. ಚಿಕ್ಕಂದಿನಲ್ಲಿ ನಮಗೆ ಕಲ್ಯಾಣ ಅಂದ್ರೆ ಬಸವ ಜಯಂತಿ ಮೆರವಣಿಗೆ, ಭಾಷಣ ಸ್ಪರ್ಧೆ. ಹರಳಯ್ಯನ ಗವಿ ಕೂಡ ನೋಡಿದ್ದೆ. ಒಳಗೆ ತಂಪಿತ್ತು ಅನ್ನೋದೊಂದೇ ನೆನಪು.

ಮೂರರಲ್ಲಿ ಬಿಡದೆ ಕಾಡ್ತಿರೋದು 'ತಲೆದಂಡ'. 1990ರಲ್ಲಿ ಬಂದ ನಾಟಕ, 1994ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಬ್ರಾಹ್ಮಣ ಮಧುವರಸನ ಮಗಳಿಗೂ ಸಮಗಾರ ಹರಳಯ್ಯನ ಮಗನಿಗೂ ಮದುವೆ. ಶರಣರಿಗೆಲ್ಲ ಹುರುಪು. ಬಸವಣ್ಣನೊಬ್ಬನಿಗೆ ಮಾತ್ರ ಹೆದರಿಕೆ, ಊರು ಇದನ್ನು ತಡ್ಕೊಳ್ಳಲ್ಲ ಅಂತ. ಇದನ್ನು ನಾನು ನಿರೀಕ್ಷೆ ಮಾಡಿರಲಿಲ್ಲ. ಕ್ಯಾಲೆಂಡರಿನ ಬಸವಣ್ಣ ಯಾವತ್ತೂ ಹೆದರಿದವನಲ್ಲವಲ್ಲ. ಕೊನೆಗೆ ಆಗೋದು ಅದೇ. ಎರಡೂ ಮನೆಯ ಅಪ್ಪಂದಿರಿಗೆ ಘೋರ ಶಿಕ್ಷೆ, ಬಿಜ್ಜಳನ ಕೊಲೆ, ಶರಣರು ದಿಕ್ಕಾಪಾಲು.

'ಸಂಕ್ರಾಂತಿ'ಯಲ್ಲೂ ಉಷಾ, ರುದ್ರ ಅಂತ ಅಂಥದೇ ಜೋಡಿ ಇದೆ. 'ಮಹಾಚೈತ್ರ' ಇನ್ನೊಂದು ಸಲ ಓದಬೇಕು, ಬಸ್ಸಿನಲ್ಲಿ ಪೂರ್ತಿ ಸಿಗಲಿಲ್ಲ.

ಇನ್ನು ಟಿವಿ. ನಮ್ಮನೇಲಿ ಅದು ಅವ್ವನದು. ಸಂಜೆ ಆರರಿಂದ ಹತ್ತರವರೆಗೆ ಬೆಂಗಳೂರು ಕನ್ನಡದ ಅತ್ತೆ ಸೊಸೆಯರು. ನಮ್ಮ ಕಡೆಯ ಮಾತು ಅದರಲ್ಲಿ ಕೇಳಿದ್ರೆ ಆತ ಕೆಲಸದಾಳೋ ನಗಿಸುವವನೋ ಆಗಿರ್ತಾನೆ. ಅವ್ವನಿಗೆ ಅದರ ಚಿಂತೆ ಇಲ್ಲ. ಈ ತಿಂಗಳು ನಾನು ಹಚ್ಚಿಕೊಟ್ಟಿದ್ದು 'ಮಹಾನಾಯಕ'. ಅಂಬೇಡ್ಕರರ ಬದುಕಿನ ಧಾರಾವಾಹಿ, ಹಿಂದಿಯಿಂದ ಡಬ್ ಆಗಿ 2020ರಲ್ಲಿ ಝೀ ಕನ್ನಡದಲ್ಲಿ ಶುರುವಾಗಿತ್ತು. ಆಗ ಅದಕ್ಕೆ ಊರೂರಲ್ಲಿ ಫ್ಲೆಕ್ಸ್ ಕಟ್ಟಿದ್ರು. ನಮ್ಮನೇಲಿ ನೋಡಿರಲಿಲ್ಲ. ಈಗ ಹಳೇ ತುಣುಕುಗಳನ್ನು ಮೊಬೈಲಿನಲ್ಲಿ ಹಾಕಿ ಕೊಟ್ಟೆ. ಸಣ್ಣ ಭೀಮರಾಯನ ಪಾಡು ನೋಡಿ ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಇವ್ರೇನ್ ಮನಷ್ಯಾರ ಹೌದೋ ಅಲ್ಲೋ" ಅಂದಳು.

ನಾನು ಸುಮ್ಮನಿದ್ದೆ. ಏನು ಹೇಳಲಿ... ನನ್ನ ತಂಗಿ ತನಗೆ ಬೇಕಾದವನನ್ನು ಮದುವೆಯಾಗಿ ಪುಣೆಗೆ ಹೋಗಿ ಎರಡೂವರೆ ವರ್ಷ ಆಯ್ತು. ಹುಡುಗ ಭೀಮರಾಯನ ಪೈಕಿಯೇ. ಅವತ್ತಿನಿಂದ ಅವ್ವ ಅವಳ ಹೆಸರು ಹೇಳಿಲ್ಲ. ಗೋಡೆ ಮೇಲೆ ಬಸವಣ್ಣನ ಫೋಟೋ, ಅದರ ಕೆಳಗೇ ಟಿವಿ. ನಾನೂ ಏನು ದೊಡ್ಡವನಲ್ಲ, ತಂಗಿಗೆ ಫೋನ್ ಮಾಡೋದು ಬಸ್ ಸ್ಟ್ಯಾಂಡಿನಿಂದ, ಮನೆಯಿಂದ ಅಲ್ಲ.

ಹೋದ ವಾರ 'ತಲೆದಂಡ' ಮಂಚದ ಮೇಲಿತ್ತು. ಅವ್ವ ಕಡಲಿಕಾಯಿ ಸುಲೀತಾ "ಏನದು ದಿನಾ ಓದ್ಲತ್ತಿ?" ಅಂತ ಕೇಳಿದಳು. ಕತೆ ಹೇಳಿದೆ. ಹರಳಯ್ಯ, ಮಧುವರಸ ಎಲ್ಲ ಅವಳಿಗೆ ಗೊತ್ತು, ಪ್ರವಚನದಲ್ಲಿ ಕೇಳಿದ್ದಾಳೆ. ಬಿಜ್ಜಳ, ಶಿಕ್ಷೆ ಇವು ಯಾವುದನ್ನೂ ಕೇಳಲಿಲ್ಲ.

"ಆ ಹುಡುಗಿ ಅವ್ವ ಏನಂದ್ಳು?"

ಆಕೆಗೂ ಅಳುಕಿತ್ತು ಅಂದೆ. ಮಗಳು ಆ ಮನೆಯಲ್ಲಿ ಹೇಗಿರ್ತಾಳೋ ಅಂತ. ಅವ್ವ "ಹೂಂ" ಅಂದಳು, ಅಷ್ಟೇ. ಕಡಲಿಕಾಯಿ ಸಿಪ್ಪೆ ಮೊರದಲ್ಲಿ ತುಂಬಿಕೊಂಡು ಒಳಗೆ ಹೋದಳು.

ನಿನ್ನೆ ರಾತ್ರಿ ಧಾರಾವಾಹಿ ನಡುವೆ ಜಾಹೀರಾತು ಬಂತು. ಅವ್ವ ಟಿವಿ ಕಡೆಯೇ ನೋಡ್ತಾ ಕೇಳಿದಳು:

"ಪುಣೆದಾಗ ಮಳಿ ಭಾಳ ಅದ ಏನೋ ತಮ್ಮಾ?"

ಗೊತ್ತಿಲ್ಲ, ಕೇಳಿ ಹೇಳ್ತೀನಿ ಅಂದೆ. ಈ ಸಲ ಫೋನ್ ಅಲ್ಲೇ, ಮಂಚದ ಮೇಲೆ ಕೂತು ಹಚ್ಚಿದೆ.